ಚಳಿ ಕಳೆದು ಸೆಕೆ ಬರುವ ನಡುವೆ ನಾಯಿಯೊಂದಿಗೆ ಬೆಳಗಿನ ನಡಿಗೆ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆ ಎಂಬ ಮಾತು ಬೆಂಗಳೂರಿನ ಮಟ್ಟಿಗೆ ಅರ್ಧ ಮಾತ್ರ ನಿಜ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮಧ್ಯಾಹ್ನದ ಬಿಸಿಲು 30 ಡಿಗ್ರಿ ಮುಟ್ಟಿದ ಮೇಲೂ ನಸುಕಿಗೆ ಸ್ವೆಟರ್ ಬೇಕೆನಿಸುತ್ತದೆ. ಆದುದರಿಂದ ಫೆಬ್ರವರಿಯಿಂದ ಯುಗಾದಿಯವರೆಗೆ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುವವರು ಬದಲಿಸಬೇಕಾದದ್ದು ದಾರಿಯನ್ನಲ್ಲ, ಹೊರಡುವ ಹೊತ್ತನ್ನು.

ಜನವರಿಯ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಮಾರ್ಚ್ ಮುಗಿಯುವ ವೇಳೆಗೆ ಅದು 6.15ರ ಆಸುಪಾಸಿಗೆ ಬಂದಿರುತ್ತದೆ. ಅಲಾರಾಂ ಅನ್ನು ವಾರಕ್ಕೆ ಮೂರ್ನಾಲ್ಕು ನಿಮಿಷ ಮುಂಚೆ ಇಟ್ಟುಕೊಂಡು ಹೋದರೆ ನಿಮಗೂ ನಾಯಿಗೂ ಗೊತ್ತೇ ಆಗದಂತೆ ಹೊಸ ವೇಳೆ ಅಭ್ಯಾಸವಾಗುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿಯಲ್ಲ. ಮುಖ್ಯವಾಗಿ ತೇಕುವುದರಿಂದಲೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಅದೂ ಕಷ್ಟ. ಎದ್ದದ್ದು ತಡವಾಯಿತೆಂದಾದರೆ ಅಂಗೈಯ ಹಿಂಬದಿಯನ್ನು ಟಾರು ರಸ್ತೆಯ ಮೇಲೆ ಏಳು ಸೆಕೆಂಡು ಊರಿ ನೋಡಿ. ನಿಮಗೆ ತಡೆಯಲಾಗದ ಬಿಸಿ ಅದರ ಪಾದಕ್ಕೂ ಬೇಡ.

ನಡಿಗೆಯ ಸೊಗಸು ಇರುವುದು ದೂರದಲ್ಲಿ ಅಲ್ಲ. ನಮ್ಮ ಮನೆಯ ಕೆಂಪಿ, ಮೋರಿಯ ಪಕ್ಕದಲ್ಲಿ ಸಿಕ್ಕಿದ ನಾಟಿ ನಾಯಿ, ಮಲ್ಲೇಶ್ವರದ ಒಂದೇ ಕ್ರಾಸ್ ದಾಟಲು ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ. ಹೊಂಗೆ ಮರದ ಬುಡ, ಹಾಲಿನ ಬೂತ್‌ನ ಮೆಟ್ಟಿಲು, ರಾತ್ರಿ ಯಾರೋ ಚೆಲ್ಲಿದ ಸಾರಿನ ಕಲೆ, ಎಲ್ಲವನ್ನೂ ಮೂಸಿಯೇ ಮುಂದಿನ ಹೆಜ್ಜೆ. ಮೊದಮೊದಲು ನಾನು ಚೈನು ಎಳೆಯುತ್ತಿದ್ದೆ. ಈಗ ನಡಿಗೆಯ ಮೊದಲರ್ಧವನ್ನು ಸಂಪೂರ್ಣವಾಗಿ ಅವಳ ಮೂಗಿಗೆ ಬಿಟ್ಟುಕೊಟ್ಟು, ಉಳಿದರ್ಧವನ್ನು ನನ್ನ ಕಾಲಿಗೆ ಇಟ್ಟುಕೊಂಡಿದ್ದೇನೆ. ಹಾಗೆ ನಿಂತಾಗಲೇ ಕತ್ತೆತ್ತಿ ನೋಡಲು ಪುರುಸೊತ್ತು: ಎಲೆ ಉದುರಿಸಿದ ಹೊಂಗೆಯಲ್ಲಿ ಮಿರುಗುವ ಎಳೆ ಚಿಗುರು, ಟಬೂಬಿಯಾದ ಗುಲಾಬಿ ಹೂರಾಶಿ, ಮಾರ್ಚ್ ಏರಿದಂತೆ ಜಕರಂಡಾದ ನೇರಳೆ. ಉದುರಿದ ಹೂವಿನಲ್ಲಿ ಜೇನ್ನೊಣ ಇನ್ನೂ ಕೂತಿರಬಹುದಾದ್ದರಿಂದ ಮೂಗು ತೂರಿಸಲು ಬಿಡುವ ಮುನ್ನ ಒಮ್ಮೆ ಕಣ್ಣು ಹಾಯಿಸಿ. ಕಾಂಪೌಂಡಿನಿಂದ ಹೊರಚಾಚಿದ ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಅದನ್ನು ಕಚ್ಚಲು ಬಿಡಲೇಬಾರದು.

ಪೌರಕಾರ್ಮಿಕರು ಗುಡಿಸಿ ಒಟ್ಟಿದ ತರಗೆಲೆಯ ಗುಡ್ಡೆ ನಾಯಿಗೆ ಸ್ವರ್ಗ, ಅದರೊಳಗಿನ ಗಾಜಿನ ಚೂರು ಮತ್ತು ಕೋಳಿ ಮೂಳೆ ನಮಗೆ ತಲೆನೋವು. ಪೊದೆ, ಒಣಹುಲ್ಲಿನ ನಡುವೆ ಓಡಾಡಿ ಬಂದ ನಾಯಿಯ ಮೈಗೆ ಉಣುಗು ಹತ್ತಿಕೊಂಡಿರಬಹುದು. ಮನೆ ಸೇರಿದೊಡನೆ ಕಿವಿಯ ಒಳಮಡಿಕೆ, ಕತ್ತಿನ ಬೆಲ್ಟಿನ ಅಡಿ ಮತ್ತು ಬೆರಳುಗಳ ಸಂದನ್ನು ಬೆರಳಿನಿಂದಲೇ ತಡವಿ ನೋಡಿ. ಸಿಕ್ಕ ಉಣುಗನ್ನು ಹಿಸುಕದೆ, ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಊಟ ಬಿಟ್ಟು ಮಂಕಾಗಿ ಮಲಗಿದರೆ ಟಿಕ್ ಫೀವರ್ ಇರಬಹುದೆಂದು ಶಂಕಿಸಿ ಅಂದೇ ಪಶುವೈದ್ಯರಿಗೆ ತೋರಿಸುವುದು ಲೇಸು.

ಬೀದಿನಾಯಿಗಳ ಗಡಿ ದಾಟುವಾಗ ಚೈನನ್ನು ಬಿಗಿಯಾಗಿ ಜಗ್ಗಬೇಡಿ, ಓಡಬೇಡಿ; ರಸ್ತೆಯ ಇನ್ನೊಂದು ಬದಿಗೆ ಸರಿದು ನಿಧಾನವಾಗಿ ಹೋಗಿ. ಕಿವಿಯ ತುದಿ ಕತ್ತರಿಸಿದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂದು ಅರ್ಥ. ಜೇಬಿನಲ್ಲಿ ಹಳೆಯ ಪೇಪರ್ ಇರಲಿ. ನಿಮ್ಮ ನಾಯಿಯ ಕಕ್ಕ ಎತ್ತುವುದು ನಿಮ್ಮದೇ ಕೆಲಸ.

ಏಪ್ರಿಲ್‌ನಲ್ಲಿ ಮಾವಿನ ಹೊಯ್ಲು, ಅಂದರೆ ಮುಂಗಾರಿಗೆ ಮುಂಚಿನ ಬೇಸಿಗೆ ಮಳೆ, ಬಿದ್ದ ಮರುದಿನ ಬೆಳಿಗ್ಗೆ ಅರ್ಧ ಗಂಟೆ ಹೆಚ್ಚು ಬಿಡುವು ಮಾಡಿಕೊಂಡು ಹೊರಡಿ, ಏಕೆಂದರೆ ಒದ್ದೆ ಮಣ್ಣಿನ ವಾಸನೆ ಹಿಡಿದ ನಾಯಿ ಗೇಟಿನಿಂದ ಮುಂದೆ ಸರಿಯುವುದೇ ಇಲ್ಲ. ಆದರೆ ಗುಂಡಿಯಲ್ಲಿ ನಿಂತ ನೀರನ್ನು ನೆಕ್ಕಲು ಬಿಡಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿ, ಕುಡಿಯಲು ಮನೆಯ ನೀರಿನ ಬಾಟಲಿಯನ್ನು ಜೊತೆಗೆ ಒಯ್ಯಿರಿ.