ಮೊದಲ ಸಲ ಕ್ರೂಸ್ ಹತ್ತುವವರೇ, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಇರಲಿ

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು ಊರಿನ ಅಪ್ಪ ಅಮ್ಮನಿಗೆ ಕ್ರೂಸ್ ಟಿಕೆಟ್ ಮಾಡಿಸಿ ಕೊಡುವುದು ಈಗ ನಮ್ಮ ಕುಂಬಳೆ, ಬದಿಯಡ್ಕದ ಕಡೆಗೂ ಬಂದಿದೆ. ಟಿಕೆಟ್ ಬಂದ ಮರುದಿನದಿಂದ ಪ್ರಶ್ನೆಗಳು ಶುರು. ಗಂಜಿ ಸಿಗುತ್ತದಾ? ವಾಂತಿ ಬಂದರೆ ಏನು ಮಾಡುವುದು? ಹಡಗು ಮುಳುಗಿದರೆ?

ಮುಳುಗುವ ಯೋಚನೆ ಪ್ರಯಾಣಿಕರದ್ದು. ಹಡಗಿನ ಸಿಬ್ಬಂದಿಗೆ ಜಾಸ್ತಿ ಹೆದರಿಕೆ ಬೆಂಕಿಯದ್ದು. ನಡುಕಡಲಿಗೆ ಫೈರ್ ಎಂಜಿನ್ ಬರುವುದಿಲ್ಲ. ಊಟ ಬಡಿಸುವವರು, ಕೋಣೆ ಗುಡಿಸುವವರು ಎಲ್ಲರಿಗೂ ತುರ್ತು ಸಮಯದಲ್ಲಿ ಒಂದೊಂದು ಕೆಲಸ ಹಂಚಿರುತ್ತಾರೆ. ಬೆಂಕಿ ಆರಿಸುವುದಕ್ಕೆ ಸಿಬ್ಬಂದಿಯಲ್ಲೇ ತರಬೇತಾದ ತಂಡ ಇರುತ್ತದೆ. ಸಾವಿರಾರು ಜನ, ಇಕ್ಕಟ್ಟಾದ ಓಣಿಗಳು, ಹೊಗೆ ತುಂಬಿದರೆ ದಾರಿ ಕಾಣದು. ಕ್ಯಾಬಿನ್‌ನ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ಈ ಹೆದರಿಕೆಯಿಂದ. ಇದೊಂದು ಗೊತ್ತಿದ್ದರೆ ‘ಅದು ಯಾಕೆ ಬೇಡ, ಇದು ಯಾಕೆ ಬೇಡ’ ಎಂದು ಕೇಳುವ ಕೆಲಸವೇ ಇರುವುದಿಲ್ಲ.

ಎಲ್ಲಿಂದ ಹತ್ತುವುದು?

ಮಂಗಳೂರಿನ ಪಣಂಬೂರಿಗೆ ಸೀಸನ್‌ನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ನಿಜ. ಆದರೆ ಅವು ಪ್ರವಾಸಿಗರನ್ನು ಒಂದು ದಿನ ಊರು ತೋರಿಸಲು ಇಳಿಸಿ, ಸಂಜೆ ಹತ್ತಿಸಿಕೊಂಡು ಹೋಗುವಂಥವೇ ಜಾಸ್ತಿ. ಕಾಸರಗೋಡಿನವರಿಗೆ ಸಾಮಾನ್ಯವಾಗಿ ಇರುವ ದಾರಿ ಕೊಚ್ಚಿ ಅಥವಾ ಮುಂಬೈ. ಕೊಚ್ಚಿಯಲ್ಲಿ ವೆಲ್ಲಿಂಗ್ಟನ್ ದ್ವೀಪದ ಎರ್ನಾಕುಳಂ ವಾರ್ಫ್‌ನಲ್ಲಿ 2021ರಲ್ಲಿ ಉದ್ಘಾಟನೆಯಾದ ‘ಸಾಗರಿಕಾ’ ಟರ್ಮಿನಲ್ ಇದೆ. ಎರ್ನಾಕುಳಂ ಸೌತ್ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲಿಗೆ ಆಟೋದಲ್ಲಿ ಹೋಗಬಹುದು. ಮುಂಬೈಗಾದರೆ ನೇತ್ರಾವತಿ ಎಕ್ಸ್‌ಪ್ರೆಸ್ ಇದೆ.

ಎಲ್ಲಿಂದ ಹತ್ತುವುದಾದರೂ ಹಿಂದಿನ ದಿನವೇ ಆ ಊರು ಸೇರಿಕೊಳ್ಳಿ. ಟಿಕೆಟ್‌ನಲ್ಲಿ ಹಡಗು ಹೊರಡುವ ಹೊತ್ತು ಬರೆದಿರುತ್ತದೆ, ಆದರೆ ಚೆಕ್-ಇನ್ ಅದಕ್ಕಿಂತ ಎಷ್ಟೋ ಮುಂಚೆ ಮುಗಿದಿರುತ್ತದೆ. ರೈಲು ಎರಡು ಗಂಟೆ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ದಾಖಲೆ ವಿಚಾರ ಬೇಗ ಮುಗಿಸೋಣ. ದೇಶದೊಳಗಿನ ಪ್ರಯಾಣಕ್ಕೆ ಸರಕಾರಿ ಫೋಟೊ ಗುರುತುಚೀಟಿಯ ಮೂಲಪ್ರತಿ ಬೇಕು, ಮಕ್ಕಳದ್ದೂ ಬೇಕು. ಲಕ್ಷದ್ವೀಪಕ್ಕೆ ಹೋಗುವ ಹಡಗಾದರೆ ಪ್ರವೇಶ ಪರವಾನಗಿ ಕಡ್ಡಾಯ. ಅದನ್ನು ಯಾರು ಮಾಡಿಸುತ್ತಾರೆ, ದಾಖಲೆ ಎಷ್ಟು ದಿನ ಮೊದಲು ಕೊಡಬೇಕು ಎಂದು ಬುಕಿಂಗ್ ಹೊತ್ತಿಗೇ ಕೇಳಿ. ಗಲ್ಫ್‌ನಲ್ಲಿರುವ ಮಕ್ಕಳ ಹತ್ತಿರ ಹೋಗಿ ದುಬೈಯಿಂದ ಹತ್ತುವವರು ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಆಯಸ್ಸು ಇದೆಯಾ ನೋಡಿಕೊಳ್ಳಿ. ಹಡಗು ಇನ್ನೊಂದು ದೇಶ ಮುಟ್ಟಿ ಮತ್ತೆ ದುಬೈಗೆ ಬರುವುದಿದ್ದರೆ ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದೆ ಹೋಗಬಹುದು. ಗರ್ಭಿಣಿಯರನ್ನು 24 ವಾರ ಆದ ಮೇಲೆ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. 6 ತಿಂಗಳು ತುಂಬದ ಮಗುವನ್ನೂ ಸಾಮಾನ್ಯವಾಗಿ ಬಿಡುವುದಿಲ್ಲ.

ಕ್ಯಾಬಿನ್ ಆರಿಸುವಾಗ

ಅಲೆಗೆ ಹಡಗಿನ ಮುಂದಿನ ತುದಿ, ಹಿಂದಿನ ತುದಿ ಜಾಸ್ತಿ ಏರಿಳಿಯುತ್ತವೆ. ಮೇಲಿನ ಅಂತಸ್ತು ಜಾಸ್ತಿ ತೂಗುತ್ತದೆ. ಬಸ್ಸಿನಲ್ಲಿ ಹೋದರೂ ಹೊಟ್ಟೆ ತೊಳಸುವವರು ಕೆಳಗಿನ ಡೆಕ್‌ನ ನಡುಭಾಗದಲ್ಲಿ ಕ್ಯಾಬಿನ್ ಕೇಳಿ. ಅಲ್ಲಿ ರೇಟೂ ಅನೇಕ ಸಲ ಕಡಿಮೆಯೇ ಇರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಲು ಶುರುವಾಗುವ ಮೊದಲೇ ನುಂಗಬೇಕು. ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ, ಅಷ್ಟೇ. ಅವೊಮಿನ್‌ನಂಥ ಮಾತ್ರೆ ನಿದ್ದೆ ತರಿಸುತ್ತದೆ. ಗ್ಲಾಕೋಮಾ ಅಥವಾ ಪ್ರೋಸ್ಟೇಟ್ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಕಡಿಮೆ ದರದ್ದು. ಸಾಕು, ಮಲಗುವುದಕ್ಕೆ ತಾನೇ? ಆದರೆ ಲೈಟ್ ಆರಿಸಿದರೆ ಗವ್ವೆನ್ನುವ ಕತ್ತಲೆ. ಹಗಲೋ ರಾತ್ರಿಯೋ ತಿಳಿಯದು. ಹಾಸಿಗೆ ಪಕ್ಕ ಒಂದು ಸಣ್ಣ ಟಾರ್ಚ್ ಇರಲಿ.

ಪೆಟ್ಟಿಗೆಯಲ್ಲಿ ಏನಿಡಬಾರದು?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಬಂದರಿನಲ್ಲಿ ಎಲ್ಲ ಚೀಲಗಳೂ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತವೆ. ಬೇಡದ ವಸ್ತು ಸಿಕ್ಕಿದರೆ ಎತ್ತಿಟ್ಟುಕೊಳ್ಳುತ್ತಾರೆ. ಇಳಿಯುವಾಗ ಕೆಲವನ್ನು ಕೊಡುತ್ತಾರೆ, ಕೆಲವನ್ನು ಕೊಡುವುದಿಲ್ಲ.

ಮೊದಲನೆಯದು ಬಿಸಿಯಾಗುವ ಸಾಮಾನು. ಇಸ್ತ್ರಿಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ರಾಡ್, ಸಣ್ಣ ರೈಸ್ ಕುಕ್ಕರ್ ಯಾವುದೂ ಬೇಡ. ‘ಬೆಳಗ್ಗೆ ಎದ್ದ ಕೂಡಲೇ ಕಷಾಯ ಆಗಬೇಕು’ ಎನ್ನುವ ಹಿರಿಯರು ಕಷಾಯದ ಪುಡಿ ತೆಗೆದುಕೊಂಡು ಹೋಗಲಿ. ಬಿಸಿನೀರನ್ನು ಸಿಬ್ಬಂದಿ ಕೊಡುತ್ತಾರೆ. ಶರ್ಟಿಗೆ ಇಸ್ತ್ರಿ ಬೇಕೆಂದರೆ ಲಾಂಡ್ರಿಗೆ ಕೊಡಿ, ದುಡ್ಡು ತೆಗೆದುಕೊಳ್ಳುತ್ತಾರೆ.

ಎರಡನೆಯದು ಕಿಡಿ, ಜ್ವಾಲೆ. ಊದುಬತ್ತಿ, ಕರ್ಪೂರ, ಮೇಣದಬತ್ತಿ, ಸೊಳ್ಳೆ ಬತ್ತಿ. ದೇವರಿಗೆ ದೀಪ ಹಚ್ಚದೆ ಬಾಯಿಗೆ ನೀರು ಹಾಕದವರು ನಮ್ಮಲ್ಲಿ ಇದ್ದಾರೆ. ಅವರಿಗೆ ಬ್ಯಾಟರಿ ದೀಪ ಕೊಟ್ಟು ಕಳಿಸಿ. ‘ಸಣ್ಣ ನೀಲಾಂಜನ ಅಲ್ವಾ, ಯಾರಿಗೆ ಗೊತ್ತಾಗುತ್ತದೆ’ ಎಂದುಕೊಂಡರೆ ಕೇಳಿ: ಕ್ಯಾಬಿನ್‌ಗಳಲ್ಲಿ ಹೊಗೆ ಗುರುತಿಸುವ ಯಂತ್ರ ಇರುತ್ತದೆ. ಅದು ಕಿರುಚಿದರೆ ಸಿಬ್ಬಂದಿ ಓಡಿ ಬರುತ್ತಾರೆ. ಆಮೇಲೆ ದಂಡ, ಇಲ್ಲವೇ ಮುಂದಿನ ಬಂದರಿನಲ್ಲಿ ಇಳಿಸುವ ಮಾತು.

ಮೂರನೆಯದು ಹೆಚ್ಚಿನವರು ಊಹಿಸದೇ ಇರುವುದು, ಎಕ್ಸ್‌ಟೆನ್ಶನ್ ಬೋರ್ಡ್. ಅದರಲ್ಲೂ ಸರ್ಜ್ ಪ್ರೊಟೆಕ್ಟರ್, ಅಂದರೆ ಕರೆಂಟ್ ಏಕಾಏಕಿ ಜಾಸ್ತಿಯಾದರೆ ಸಾಮಾನು ಸುಡದಂತೆ ತಡೆಯುವ ಭಾಗ, ಇರುವ ಬೋರ್ಡ್ ಹಡಗಿನಲ್ಲಿ ಅಪಾಯ. ಮನೆಯ ವೈರಿಂಗಿನಲ್ಲಿ ಫೇಸ್ ಒಂದು, ನ್ಯೂಟ್ರಲ್ ಒಂದು. ನ್ಯೂಟ್ರಲ್ ಭೂಮಿಗೆ ಸೇರಿರುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ, ಎರಡೂ ವೈರುಗಳಲ್ಲಿ ಕರೆಂಟ್ ಇರುತ್ತದೆ. ಮನೆಗೆಂದು ಮಾಡಿದ ಸರ್ಜ್ ಪ್ರೊಟೆಕ್ಟರ್ ಅಲ್ಲಿ ಏನೋ ದೋಷ ಬಂದಾಗ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಸಾದಾ ಅಡಾಪ್ಟರ್ ಮತ್ತು ಹಲವು ತೂತುಗಳ ಯುಎಸ್‌ಬಿ ಚಾರ್ಜರ್ ಸಾಕು. ನಮ್ಮ ಮೂರು ದಪ್ಪ ಕಡ್ಡಿಯ ಪ್ಲಗ್ ಹಡಗಿನ ಗೋಡೆಗೆ ಹೊಂದುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಮಲಗುವಾಗ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಇಟ್ಟುಕೊಳ್ಳುವವರು ಮುಂಚೆಯೇ ಕಂಪನಿಗೆ ಬರೆದು ತಿಳಿಸಿ. ಬೇಕಾದ ವೈರ್ ಅವರೇ ಕೊಡುತ್ತಾರೆ.

ಇನ್ನು ಎಲೆಅಡಿಕೆಯ ಸಂಚಿ. ಅಡಿಕೆ ಬೆಳೆಯುವ ಊರಿನವರು ನಾವು, ಸಂಚಿ ಬಿಟ್ಟು ಹೋಗು ಎಂದರೆ ಹೇಗೆ? ಆದರೆ ಅದರೊಳಗಿನ ಅಡಕತ್ತರಿ, ಪಿಚಕತ್ತಿ ಒಳಗೆ ಹೋಗುವುದಿಲ್ಲ. ಅಡಿಕೆಯನ್ನು ಮನೆಯಲ್ಲೇ ಹೋಳು ಮಾಡಿಕೊಳ್ಳಿ. ಉಗುಳುವುದು ಎಲ್ಲಿ ಎಂದು ಈಗಲೇ ಯೋಚಿಸಿ. ಬಾಲ್ಕನಿಯಿಂದ ಸಮುದ್ರಕ್ಕೆ ಉಗುಳಿದರೆ ಗಾಳಿ ಅದನ್ನು ಕೆಳಗಿನ ಬಾಲ್ಕನಿಯಲ್ಲಿ ಕೂತವರ ಮೇಲೆ ಹಾಕುತ್ತದೆ. ನನ್ನ ಕೇಳಿದರೆ ಆ ನಾಲ್ಕು ದಿನ ಬಿಟ್ಟುಬಿಡುವುದೇ ಒಳ್ಳೆಯದು.

ಮನೆಯಲ್ಲಿ ಮಾಡಿದ ಅಡುಗೆಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಸೀಲ್ ಮಾಡಿದ ಪ್ಯಾಕೆಟ್ ತಿಂಡಿಗೆ ಹೆಚ್ಚಾಗಿ ತಕರಾರಿಲ್ಲ. ಕುಚ್ಚಲಕ್ಕಿ ಗಂಜಿ ಸಿಗುವುದು ಅನುಮಾನ, ಅನ್ನ ಮೊಸರು ಸಿಕ್ಕೇ ಸಿಗುತ್ತದೆ.

ಮೊದಲ ಗಂಟೆ

ದೊಡ್ಡ ಚೀಲಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಅವು ಕ್ಯಾಬಿನ್‌ಗೆ ಬರುವಾಗ ಸಂಜೆಯಾಗಬಹುದು. ಹಾಗಾಗಿ ಬಿಪಿ, ಶುಗರ್ ಮಾತ್ರೆ, ಇನ್ಸುಲಿನ್, ಕನ್ನಡಕ, ದಾಖಲೆ ಎಲ್ಲ ಕೈಚೀಲದಲ್ಲೇ ಇರಬೇಕು.

ಕ್ಯಾಬಿನ್ ಬಾಗಿಲು ತೆರೆದ ಕೂಡಲೇ ಫೋಟೊ ತೆಗೆಯುವ ಆಸೆ ಎಲ್ಲರಿಗೂ. ತೆಗೆಯಿರಿ. ಆಮೇಲೆ ಬಾಗಿಲಿನ ಹಿಂದೆ ಅಂಟಿಸಿದ ನಕ್ಷೆ ನೋಡಿ. ತುರ್ತು ಸಮಯದಲ್ಲಿ ನೀವು ಸೇರಬೇಕಾದ ಜಾಗ, ಅಂದರೆ ಮಸ್ಟರ್ ಸ್ಟೇಷನ್, ಅದರಲ್ಲಿರುತ್ತದೆ. ಅನೇಕ ಹಡಗುಗಳಲ್ಲಿ ಅದನ್ನು ಕೈಗೆ ಕೊಡುವ ಕಾರ್ಡಿನ ಮೇಲೂ ಬರೆದಿರುತ್ತಾರೆ. ಲೈಫ್ ಜಾಕೆಟ್ ಎಲ್ಲಿದೆ ಹುಡುಕಿ. ಕಪಾಟಿನಲ್ಲೋ ಮಂಚದ ಕೆಳಗೋ ಇರುತ್ತದೆ. ಕೆಲವು ಹಡಗುಗಳಲ್ಲಿ ಸೇರುವ ಜಾಗದಲ್ಲೇ ಕೊಡುತ್ತಾರೆ. ಮೊಮ್ಮಕ್ಕಳು ಜೊತೆಗಿದ್ದರೆ ಮಕ್ಕಳ ಅಳತೆಯದ್ದು ಇದೆಯಾ ನೋಡಿ, ಇಲ್ಲದಿದ್ದರೆ ಆಗಲೇ ಕೇಳಿ ತರಿಸಿಕೊಳ್ಳಿ.

ಬಳಿಕ ಒಮ್ಮೆ ಓಣಿಗೆ ಬಂದು ನಡೆಯಿರಿ. ನಿಮ್ಮ ಬಾಗಿಲಿನಿಂದ ಮೆಟ್ಟಿಲಿನ ತನಕ ಎಷ್ಟು ಬಾಗಿಲುಗಳು ಎಂದು ಎಣಿಸಿ. ಹೊಗೆ ಇದ್ದರೆ ಬಗ್ಗಿಕೊಂಡು ಗೋಡೆ ತಡವಿಕೊಂಡು ಹೋಗಬೇಕಾಗುತ್ತದೆ. ಆಗ ಈ ಲೆಕ್ಕ ಬೇಕಾಗುತ್ತದೆ. ನೆಲದ ಹತ್ತಿರ ಹೊಳೆಯುವ ಪಟ್ಟಿ ಇರುವುದೂ ಇದಕ್ಕೇ. ಲಿಫ್ಟ್‌ಗೆ ಆ ಹೊತ್ತಿನಲ್ಲಿ ಹೋಗಬಾರದು.

ಬಚ್ಚಲಿನ ಹೊಸ್ತಿಲು ಎತ್ತರ ಇರುತ್ತದೆ. ನೀರು ಹೊರಗೆ ಬಾರದಿರಲಿ ಅಂತ. ರಾತ್ರಿ ನಿದ್ದೆಗಣ್ಣಿನಲ್ಲಿ ಹಿರಿಯರು ಎಡವಿ ಬೀಳುವುದು ಅಲ್ಲೇ. ಬಚ್ಚಲಿನ ಲೈಟ್ ಉರಿಯುತ್ತಿರಲಿ, ಬಾಗಿಲು ಸ್ವಲ್ಪ ತೆರೆದಿರಲಿ. ಟಾಯ್ಲೆಟ್ ಗಾಳಿಯಿಂದ ಎಳೆದುಕೊಳ್ಳುವಂಥದ್ದು. ಪ್ಯಾಡ್, ಡೈಪರ್, ಟಿಶ್ಯೂ ಅದಕ್ಕೆ ಹಾಕಿದರೆ ನಿಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಕ್ಯಾಬಿನ್‌ನವರದ್ದೂ ಕಟ್ಟಿಕೊಳ್ಳಬಹುದು. ಚಾವಣಿಯಲ್ಲಿ ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸಣ್ಣ ಸ್ಪ್ರಿಂಕ್ಲರ್ ಕಾಣುತ್ತದೆ. ಹ್ಯಾಂಗರ್ ಸಿಕ್ಕಿಸಲು ಹೇಳಿ ಮಾಡಿಸಿದ ಹಾಗಿರುತ್ತದೆ, ಸಿಕ್ಕಿಸಬೇಡಿ. ಅದು ಒಡೆದರೆ ಕೋಣೆ ತುಂಬ ನೀರು. ಗೋಡೆ ಹೆಚ್ಚಾಗಿ ಉಕ್ಕಿನದ್ದು, ಅಯಸ್ಕಾಂತದ ಕೊಕ್ಕೆ ಒಯ್ದರೆ ಬಟ್ಟೆ ತೂಗುಹಾಕಬಹುದು.

ಬಾಲ್ಕನಿ ಇದ್ದರೆ

2006ರ ಮಾರ್ಚ್‌ನಲ್ಲಿ ಜಮೈಕಾದ ಹತ್ತಿರ ‘ಸ್ಟಾರ್ ಪ್ರಿನ್ಸೆಸ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಶುರುವಾದದ್ದು ಒಂದು ಬಾಲ್ಕನಿಯಲ್ಲಿ. ಯಾರೋ ಆರಿಸದೆ ಬಿಸಾಡಿದ ಸಿಗರೇಟಿನ ತುಂಡೇ ಕಾರಣ ಇರಬೇಕು ಎಂದು ತನಿಖೆ ಹೇಳಿತು. ಪ್ಲಾಸ್ಟಿಕ್ ಅಡ್ಡಗೋಡೆ, ಕುರ್ಚಿಗಳಿಗೆ ಹತ್ತಿಕೊಂಡು ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ ಹಾರಿತು. ಒಬ್ಬ ಪ್ರಯಾಣಿಕರು ಸತ್ತರು. ಬಾಲ್ಕನಿಗೂ ಬೆಂಕಿ ನಿಯಮಗಳು ಬಿಗಿಯಾದದ್ದು ಆಮೇಲೆ. ಬೀಡಿ ಸಿಗರೇಟಿಗೆ ಹಡಗಿನಲ್ಲಿ ಬೇರೆಯೇ ಜಾಗ ಗುರುತಿಸಿರುತ್ತಾರೆ, ಅಲ್ಲಿಗೇ ಹೋಗಬೇಕು. ಒದ್ದೆ ಮುಂಡು, ಟವೆಲ್ ಕಂಬಿಯ ಮೇಲೆ ಒಣಹಾಕಬೇಡಿ. ಹೊರಗೆ ಹೋಗುವಾಗ ಬಾಲ್ಕನಿ ಬಾಗಿಲು ಹಾಕಿ. ಅದು ತೆರೆದಿರುವಾಗ ಓಣಿಯ ಬಾಗಿಲು ತೆರೆದರೆ ಗಾಳಿ ರಪ್ಪನೆ ಬಡಿಯುತ್ತದೆ, ಬೆರಳು ಜಜ್ಜಿಹೋಗುತ್ತದೆ. ಮಕ್ಕಳನ್ನು ಒಬ್ಬರನ್ನೇ ಅಲ್ಲಿ ಬಿಡಬೇಡಿ, ಕುರ್ಚಿಯನ್ನು ಕಂಬಿಯ ಹತ್ತಿರ ಎಳೆಯಬೇಡಿ. ಸೆಲ್ಫಿಗೆ ಕಂಬಿ ಹತ್ತುವವರಿಗೆ ಏನು ಹೇಳುವುದೋ ನನಗೆ ತಿಳಿಯದು.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ಜೋರಾಗಿ ಕೂಗಿ, ಹತ್ತಿರದ ಲೈಫ್ ಬಾಯ್, ಅಂದರೆ ನೀರಲ್ಲಿ ತೇಲುವ ಬಳೆ, ಎಸೆಯಿರಿ. ಬಿದ್ದವರ ಮೇಲಿನ ಕಣ್ಣು ತೆಗೆಯದೆ ಅತ್ತ ಬೆರಳು ತೋರಿಸುತ್ತಲೇ ಇರಿ. ಅಲೆಗಳ ನಡುವೆ ಒಂದು ತಲೆ ಕಣ್ಮರೆಯಾಗಲು ಹೊತ್ತು ಬೇಡ.

ಡ್ರಿಲ್ ತಪ್ಪಿಸಬೇಡಿ

ಹತ್ತಿದ ದಿನ ಮಸ್ಟರ್ ಡ್ರಿಲ್, ಅಂದರೆ ತುರ್ತು ಸಮಯದಲ್ಲಿ ಏನು ಮಾಡಬೇಕು ಎಂಬುದರ ಅಭ್ಯಾಸ, ಇರುತ್ತದೆ. ಅಷ್ಟೊತ್ತಿಗೆ ಬಫೆಯಲ್ಲಿ ಊಟ ಬಡಿಸಿರುತ್ತಾರೆ, ಜನರಿಗೆ ಡ್ರಿಲ್ ಬೇಡವೆನಿಸುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂಬ ನಿಯಮ ಆಗ ಇತ್ತು. 2015ರ ಜನವರಿಯಿಂದ ‘ಸೋಲಾಸ್’ ಎಂಬ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು.

ಏಳು ಸಲ ಗಿಡ್ಡ ಸದ್ದು, ಕೊನೆಗೆ ಒಂದು ಉದ್ದದ ಸದ್ದು. ಇದು ತುರ್ತು ಕರೆ. ಕೇಳಿದ ಕೂಡಲೇ ಚಪ್ಪಲಿ, ಬೆಚ್ಚಗಿನ ಬಟ್ಟೆ, ಮಾತ್ರೆ, ಕಾರ್ಡ್, ಲೈಫ್ ಜಾಕೆಟ್ ತೆಗೆದುಕೊಂಡು ಹೇಳಿದ ಜಾಗಕ್ಕೆ ಹೋಗಬೇಕು. ಚೀಲ, ಚಿನ್ನ ಎಂದು ತಿರುಗಿ ಬರಬಾರದು. ಮಕ್ಕಳು ಆಟದ ಕೋಣೆಯಲ್ಲಿದ್ದರೆ ಅವರನ್ನು ಯಾರು ಎಲ್ಲಿಗೆ ತರುತ್ತಾರೆ ಎಂದು ಡ್ರಿಲ್ ದಿನವೇ ಕೇಳಿಟ್ಟುಕೊಳ್ಳಿ. ಇಂಗ್ಲಿಷ್, ಹಿಂದಿಯ ಘೋಷಣೆ ಅರ್ಥವಾಗದ ಅಜ್ಜಿ ಜೊತೆಗಿದ್ದರೆ ಆ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿ. ಮಂಚದ ಪಕ್ಕ ಚಪ್ಪಲಿ, ಮಾತ್ರೆ, ಟಾರ್ಚ್ ಒಂದೇ ಕಡೆ ಇಡುವುದನ್ನೂ ಹೇಳಿಕೊಡಿ.

ಇಳಿದು ಹತ್ತುವಾಗ

ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಸಣ್ಣ ಬೋಟಿಗೆ ಇಳಿದು ದಡಕ್ಕೆ ಹೋಗಬೇಕು. ಬೋಟ್ ಏರಿಳಿಯುತ್ತಿರುತ್ತದೆ, ಮಂಡಿನೋವಿನವರಿಗೆ ಕಷ್ಟ. ಸಮುದ್ರ ಒರಟಾದರೆ ಆ ಇಳಿಯುವಿಕೆಯೇ ರದ್ದಾಗಬಹುದು. ವಾಪಸ್ ಹತ್ತುವ ಹೊತ್ತನ್ನು ಹಡಗಿನ ಗಡಿಯಾರದ ಪ್ರಕಾರ ನೋಡಿ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ದೂರವಾದ ಮೇಲೆ ಹಡಗಿನ ಉಪಗ್ರಹ ನೆಟ್‌ವರ್ಕ್ ಸಿಕ್ಕಿತೋ, ಒಂದು ಕಾಲ್‌ಗೂ ರೋಮಿಂಗ್ ಬಿಲ್ ಸಿಕ್ಕಾಪಟ್ಟೆ ಬರುತ್ತದೆ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

ಕೊನೆಯ ರಾತ್ರಿ ದೊಡ್ಡ ಚೀಲಗಳನ್ನು ಓಣಿಯಲ್ಲಿಡಲು ಹೇಳುತ್ತಾರೆ. ಬೆಳಗ್ಗೆ ತೊಡುವ ಬಟ್ಟೆಯನ್ನೂ ಅದರೊಳಗೆ ತುಂಬಿ ಕಳಿಸಿದರೆ ಲುಂಗಿಯಲ್ಲೇ ಬಂದರಿಗೆ ಇಳಿಯಬೇಕಾದೀತು. ಲಾಕರ್ ಖಾಲಿ ಮಾಡಿ, ಬಿಲ್ ಒಮ್ಮೆ ಓದಿ. ಇಳಿಯುವ ಸರದಿ ಬರುವಾಗ ಮಧ್ಯಾಹ್ನ ಆದರೂ ಆಯಿತು. ಊರಿಗೆ ರೈಲು ಬುಕ್ ಮಾಡುವಾಗ ಸಂಜೆಯದ್ದೇ ಮಾಡಿ.