ಸಂಜೆ ಪಾಠಕ್ಕೆ ಸಿಎಸ್‌ಆರ್ ದುಡ್ಡು ಸಿಕ್ಕಿದ್ದು ಹೀಗೆ

ನಮ್ಮ ಟ್ರಸ್ಟ್ ಕಟ್ಟಡ ಕೆಲಸಗಾರರ ಮಕ್ಕಳಿಗೆ ಸಂಜೆ ಪಾಠ ಹೇಳುತ್ತದೆ. ಒಂದು ಕಂಪನಿಗೆ ಸಿಎಸ್‌ಆರ್ ನೆರವು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಹಣ, ಕೇಳಿ ಎರಡು ಸಲ ಅರ್ಜಿ ಹಾಕಿದೆವು. ಎರಡೂ ವಾಪಸ್. ಅರ್ಜಿ ಜೊತೆ ಕೊಟ್ಟ ನಮ್ಮ ಕೆಲಸದ ವರದಿ ಚೆನ್ನಾಗಿಲ್ಲವೇನೋ ಎಂದು ನಾನು ಸುಮ್ನೆ ಫೋಟೊ ಜಾಸ್ತಿ ಮಾಡುತ್ತಾ ಕೂತಿದ್ದೆ!

ವಿಷಯ ಬೇರೆಯೇ ಇತ್ತು. 2021ರ ಏಪ್ರಿಲ್ 1ರಿಂದ, ಸಿಎಸ್‌ಆರ್ ಹಣದಲ್ಲಿ ಕೆಲಸ ಮಾಡುವ ಸಂಸ್ಥೆ ಸರ್ಕಾರಕ್ಕೆ ಸಿಎಸ್‌ಆರ್-1 ಎಂಬ ಅರ್ಜಿ ಹಾಕಿ ನೋಂದಣಿ ಸಂಖ್ಯೆ ಪಡೆಯಲೇಬೇಕು. ನಮ್ಮಂಥ ಟ್ರಸ್ಟ್‌ಗೆ ಅದಕ್ಕೂ ಮೊದಲು ಆದಾಯ ತೆರಿಗೆ ಇಲಾಖೆಯ 12ಎ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎರಡೂ ಬೇಕಿತ್ತು. ನಮ್ಮಲ್ಲಿ 80ಜಿ ಇರಲಿಲ್ಲ. ಜೊತೆಗೆ ಇನ್ನೊಂದು ತಮಾಷೆ: ಟ್ರಸ್ಟ್ ಡೀಡ್‌ನಲ್ಲಿ ಹೆಸರಿನ ಕೊನೆಗೆ ‘ರಿ’ ಇತ್ತು, ಪ್ಯಾನ್‌ನಲ್ಲಿ ಇಲ್ಲ. ಮೊದಲು ಅದನ್ನು ಸರಿಮಾಡಿಸಿ, 80ಜಿ ಪಡೆದು, ಟ್ರಸ್ಟಿಯ ಡಿಜಿಟಲ್ ಸಹಿ, ಸಿಎ ದೃಢೀಕರಣದೊಂದಿಗೆ ಸಲ್ಲಿಸಿದೆವು. ಸಂಖ್ಯೆ ಬಂತು.

ಮೂರನೇ ಅರ್ಜಿಗೆ ಮೊದಲಿನ ವರದಿಯನ್ನೇ ಲಗತ್ತಿಸಿದೆ. ಒಪ್ಪಿಗೆಯಾಯಿತು. ಈಗ ಶೀಟಿನ ಛಾವಣಿ ಕೆಳಗೆ ನಾಲ್ಕು ಫ್ಯಾನ್ ತಿರುಗುತ್ತಿವೆ.