ರೇಷ್ಮೆ ಹುಳು ಮನೆ ಬೆಚ್ಚಗಿಡೋಕೆ ಹೋಗಿ ಕರೆಂಟ್ ಬಿಲ್ಲಲ್ಲಿ ಕೈ ಸುಟ್ಕೊಂಡಿದ್ದು, ಆಮೇಲೆ ಸರಿ ಮಾಡ್ಕೊಂಡಿದ್ದು

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ನಮ್ದು. ಡಿಸೆಂಬರ್ ಜನವರಿ ಬಂತು ಅಂದ್ರೆ ಬೆಂಗಳೂರಿನವರು ಬೆಳಗಿನ ಜಾವ ಬೈಕ್ ಹತ್ತಿ ನಂದಿ ಬೆಟ್ಟಕ್ಕೆ ಮಂಜು ನೋಡೋಕೆ ಬರ್ತಾರಲ್ಲ, ಅದೇ ಟೈಮಲ್ಲಿ ಅದೇ ಮಂಜು ನಮ್ಮ ಹುಳು ಮನೆ ಶೀಟಿನ ಸಂದಿಯಿಂದ ಒಳಗೆ ಇಳೀತಾ ಇರುತ್ತೆ, ನಾನು ಟಾರ್ಚ್ ಹಿಡ್ಕೊಂಡು ಥರ್ಮಾಮೀಟರ್ ನೋಡ್ತಾ ನಿಂತಿರ್ತೀನಿ. ರೇಷ್ಮೆ ಹುಳುಗೆ ದೊಡ್ಡದಾದ್ಮೇಲೂ 24-25 ಡಿಗ್ರಿ ಬೇಕು, ಚಾಕಿ ಹುಳುಗಂತೂ (ಮೊಟ್ಟೆಯಿಂದ ಹೊಸದಾಗಿ ಬಂದ ಮರಿ) 27ರ ಹತ್ರ. 20ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಮೇವು ಮುಟ್ಟಲ್ಲ, ಸುಮ್ನೆ ಬಿದ್ದಿರುತ್ತೆ, ಜ್ವರಕ್ಕೆ ಕೂರೋದು (ಪೊರೆ ಬಿಡೋಕೆ ಮೇವು ಬಿಟ್ಟು ನಿಲ್ಲೋದು) ಒಂದೊಂದು ಒಂದೊಂದು ದಿನ, ಹಣ್ಣಾಗೋದೂ (ಗೂಡು ಕಟ್ಟೋಕೆ ತಯಾರಾಗೋದು) ಹಾಗೇ, ಕೊನೆಗೆ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋವಾಗ ಅರ್ಧ ಹಣ್ಣು ಅರ್ಧ ಕಾಯಿ.

ನಮ್ಮ ಹುಳು ಮನೆ ಬೇರೆ ಶೆಡ್ ಏನಲ್ಲ, ಹಳೇ ಮನೆಯ ಹಿಂದಿನ ಅಂಕಣಕ್ಕೇ ಶೀಟ್ ಹಾಕ್ಕೊಂಡಿರೋದು, ಗೋಡೆ ಆಚೆ ಅಮ್ಮನ ರೂಮು, ಮೀಟರ್ ಎಲ್ಲಕ್ಕೂ ಒಂದೇ. ಚಿಕ್ಕವನಿದ್ದಾಗ ಬಾಣಲೀಲಿ ಇದ್ದಲು ಕೆಂಡ ಇಟ್ಟು ಬಾಗಿಲು ಹಾಕ್ಬಿಡೋರು. ಒಂದು ಸಲ ಚಿಕ್ಕಪ್ಪ ರಾತ್ರಿ ಮೇವು ಹಾಕೋಕೆ ಹೋದವರು ತಲೆ ಸುತ್ತಿ ಅಲ್ಲೇ ಕುಸಿದು ಬಿದ್ರು, ಹೊರಗೆ ಎಳ್ಕೊಂಡು ಬಂದ್ಮೇಲೆ ವಾಂತಿ. ಇದ್ದಲ ಹೊಗೆ ಕಾಣಲ್ಲ, ವಾಸನೇನೂ ಇಲ್ಲ, ಆ ವಿಷಗಾಳಿ ಮುಚ್ಚಿದ ರೂಮಲ್ಲಿ ಮನುಷ್ಯನನ್ನೇ ಮಲಗಿಸಿಬಿಡುತ್ತೆ. ಅವತ್ತಿಂದ ನಮ್ಮನೇಲಿ ಕೆಂಡ ಬಂದ್. ಇವತ್ತಿಗೂ ಮಾಗೀಲಿ ಮಗು ಬಾಣಂತಿ ಇರೋ ರೂಮಿಗೆ ಕೆಂಡ ಇಟ್ಟು ಕಿಟಕಿ ಹಾಕೋರಿದ್ದಾರೆ, ದಯವಿಟ್ಟು ಬೇಡ.

ಹಾಗಾಗಿ ನಾನು 2000 ವ್ಯಾಟ್ ಹೀಟರ್ ತಂದೆ. ಮೊದಲ ಸಲ ರಾತ್ರಿ ಎಂಟಕ್ಕೆ ಹಾಕಿ ಬೆಳಗ್ಗೆ ಆರಕ್ಕೆ ಆಫ್ ಮಾಡೋದು. ಲೆಕ್ಕ ಹಾಕಿರ್ಲಿಲ್ಲ, ಹಾಕಿದ್ರೆ ಅವತ್ತೇ ಗೊತ್ತಾಗ್ತಿತ್ತು: 2000 ವ್ಯಾಟ್ ಗಂಟೆಗೆ 2 ಯೂನಿಟ್, ಹತ್ತು ಗಂಟೆಗೆ 20. ಆ ಬಿಲ್ ತಿಂಗಳಲ್ಲಿ 14 ರಾತ್ರಿ ಉರಿದಿತ್ತು, ಅಲ್ಲಿಗೇ 280, ಮನೆ ಖರ್ಚು ಸೇರಿ 346 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅಂತ ಧೈರ್ಯ ಬೇರೆ! ಅದ್ರ ಲೆಕ್ಕ ಬಹಳ ಜನಕ್ಕೆ ಸರಿಯಾಗಿ ಗೊತ್ತಿಲ್ಲ, 200 ಯೂನಿಟ್ ಎಲ್ರಿಗೂ ಫ್ರೀ ಅಂದ್ಕೊಂಡಿದ್ದಾರೆ. ನಮ್ಮಂಥ ಮನೆಗೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ರೋ ಅಷ್ಟು, ಅದ್ರ ಮೇಲೆ ಹತ್ತು ಪರ್ಸೆಂಟ್, ಅಷ್ಟೇ ಫ್ರೀ. ನಮ್ದು ಸರಾಸರಿ 65 ಇತ್ತು, ಅಂದ್ರೆ 71. 71 ದಾಟಿ 200ರ ಒಳಗಿದ್ರೆ ಜಾಸ್ತಿ ಆಗಿದ್ದಕ್ಕೆ ಮಾತ್ರ ಕಟ್ಟಬೇಕು. 200 ದಾಟಿತೋ, ಮೊದಲನೇ ಯೂನಿಟ್ ನಿಂದ ಪೂರ್ತಿ ಬಿಲ್. ನಂಗೆ ಬಂದಿದ್ದು 2,700 ಚಿಲ್ಲರೆ. ಮೀಟರ್ ರೀಡಿಂಗ್ ಹುಡುಗ ಚೀಟಿ ಹರಿದು ಕೊಟ್ಟು ನನ್ ಮುಖ ನೋಡ್ದೆ ಹೋದ.

ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಏನಪ್ಪಾ ಅಂದ್ರೆ ಅಷ್ಟು ಸುಟ್ಟರೂ ಹುಳು ಬೆಚ್ಚಗಿರ್ಲಿಲ್ಲ. ಕೆಳಗಿನ ಅಟ್ಟಣಿಗೆ ಹುಳು ಮುದುಡಿಕೊಂಡೇ ಇತ್ತು. ಆಗ ಇನ್ನೊಂದು ಥರ್ಮಾಮೀಟರ್ ತಂದು ಕೋಲಿಗೆ ಕಟ್ಟಿ ಶೀಟಿನ ಹತ್ರ ಹಿಡಿದು ನೋಡ್ದೆ, ಮೇಲೆ 29 ಕೆಳಗೆ 21, ಹೊರಗೆ 12. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ ಅಂತ ಸ್ಕೂಲಲ್ಲಿ ಓದಿದ್ದು ಅವತ್ತು ತಲೆಗೆ ಹೋಯ್ತು. ಹನ್ನೆರಡು ಅಡಿ ಎತ್ತರದ ಶೀಟನ್ನ ನಾನು ಬಿಸಿ ಮಾಡ್ತಿದ್ದೆ, ಶೀಟು ಅದನ್ನ ಆಕಾಶಕ್ಕೆ ಬಿಡ್ತಿತ್ತು, ಹುಳುಗೆ ಸಿಕ್ತಿದ್ದು ಮಿಕ್ಕಿದ ಎಂಜಲು.

ಮುಂದಿನ ಚಳಿಗಾಲಕ್ಕೆ ಮುಂಚೆ, ದೀಪಾವಳಿ ಆದ್ಮೇಲೆ, ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ ಎಲ್ಲಾ ಸೇರಿಸಿ ತೊಳೆದು ಬಿಚ್ಚಿ ಒಂದಕ್ಕೊಂದು ಹೊಲೆದ್ವಿ, ನಾನು ನನ್ ಹೆಂಡ್ತಿ ಮೂರು ಮಧ್ಯಾಹ್ನ ಕೂತು, ದಬ್ಬಳ ಕೈಗೆ ಚುಚ್ಕೊಂಡಿದ್ದು ಬೇರೆ. ಗೋಡೆಯಿಂದ ಗೋಡೆಗೆ ಜಿಐ ತಂತಿ ಎಳೆದು ಎಂಟಡಿ ಎತ್ತರಕ್ಕೆ ಅದನ್ನ ಸೂರಿನ ಥರ ಹಾಸಿದ್ವಿ. ಮೊದ್ಲು ಹಳೇ ಸೀರೆ ಕಟ್ಟಿ ನೋಡಿದ್ದೆ, ಅದು ಥಂಡಿ ಹೀರ್ಕೊಂಡು ಜೋತು ಬಿತ್ತು. ಪಕ್ಕದ ಮನೆಯವರು ಮೇಲೆ ಭತ್ತದ ಹುಲ್ಲು ಹರಡು ಅಂದ್ರು, ಕೆಳಗೆ ಹೀಟರ್ ಇಟ್ಕೊಂಡು ಮೇಲೆ ಹುಲ್ಲಾ, ಬೇಡ ಅಂದೆ, ಇಲಿ ಕಾಟ ಬೇರೆ.

ಆಮೇಲೆ ಸಂದಿ ಹುಡುಕೋದು. ಇದಕ್ಕೆ ಒಂದು ಊದುಬತ್ತಿ ಸಾಕು. ಗಾಳಿ ಬೀಸೋ ರಾತ್ರಿ ಹತ್ತಿಸಿ ಗೋಡೆ ಶೀಟು ಸೇರೋ ಕಡೆ, ಬಾಗಿಲ ಕೆಳಗೆ, ಕಿಟಕಿ ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡ್ಕೊಂಡು ಹೋದೆ. ಹೊಗೆ ನೆಟ್ಟಗೆ ಮೇಲೆ ಹೋಗ್ತಿದ್ರೆ ಸರಿ, ಅಡ್ಡ ಬಿತ್ತು ಅಂದ್ರೆ ಅಲ್ಲಿ ಗಾಳಿ ನುಗ್ತಿದೆ. ಶೀಟಿನ ಅಲೆ ಅಲೆ ಇರುತ್ತಲ್ಲ, ಗೋಡೆ ಮೇಲೆ ಕೂತ ಕಡೆ ಪ್ರತಿ ಅಲೆಯಲ್ಲೂ ಮುಷ್ಟಿ ಗಾತ್ರದ ತೂತು, ಎಣಿಸಿದ್ರೆ 46! ಗೋಣಿಚೀಲದ ತುಂಡು ಸಿಮೆಂಟ್ ಹಾಲಲ್ಲಿ ಅದ್ದಿ ತುರುಕಿದೆ, ಒಣಗಿ ಕಲ್ಲಾಯ್ತು. ಕಿಟಕಿಗೆ ಹುಳು ಮೇಲೆ ಮೊಟ್ಟೆ ಇಟ್ಟು ಸಾಯಿಸೋ ಊಜಿ ನೊಣಕ್ಕೆ ಅಂತ ಹಾಕಿರೋ ಮೆಶ್ ನೊಣ ತಡೆಯುತ್ತೆ, ಚಳಿ ತಡೆಯಲ್ಲ, ಅದ್ರ ಮೇಲೆ ರಾತ್ರಿ ಇಳಿಸೋಕೆ ಪ್ಲಾಸ್ಟಿಕ್ ಪರದೆ.

ಇಲ್ಲೇ ನಾನು ಎಡವಿದ್ದು. ಬೆಚ್ಚಗಿದೆ ಅನ್ನೋ ಖುಷೀಲಿ ಪರದೆ ಹಗಲೂ ಎತ್ತಲಿಲ್ಲ. ಒಳಗೆ ಹೋದ್ರೆ ಕಣ್ಣುರಿ, ಹಿಕ್ಕೆ ಮೇವಿನ ಘಾಟು, ಪರದೆ ಒಳಮೈ ಮೇಲೆ ನೀರಿನ ಹನಿ. ನಾಲ್ಕನೇ ಜ್ವರ ಎದ್ಮೇಲೆ ಮೂಲೆ ಅಟ್ಟಣಿಗೇಲಿ ಹುಳು ಸತ್ತು ಗಟ್ಟಿಯಾಗಿ ಬೆಳ್ಳಗೆ ಸೀಮೆಸುಣ್ಣದ ಕಡ್ಡಿ ಥರ ಬಿದ್ದಿತ್ತು, ಸುಣ್ಣಕಟ್ಟು ಅನ್ನೋ ಬೂಷ್ಟು ರೋಗ. ಥಂಡಿ ತೇವ ಎರಡೂ ಸೇರಿದ್ರೆ ಅದಕ್ಕೆ ಹಬ್ಬ. 100 ಮೊಟ್ಟೆಗೆ (ನಮ್ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಯ ಗುಂಪು) 75 ಕೆಜಿ ಗೂಡು ತೆಗೀತಿದ್ದವನು ಆ ಬೆಳೆಗೆ 52 ಕೆಜಿ ಮಾರ್ಕೆಟ್ಟಿಗೆ ಹೊತ್ತೆ. ಕರೆಂಟಲ್ಲಿ ಉಳಿಸಿದ್ದು ಸಾವಿರ, ಗೂಡಲ್ಲಿ ಕಳ್ಕೊಂಡಿದ್ದು ಅದ್ರ ಎಷ್ಟು ಪಾಲೋ. ಈಗ ಹತ್ತು ಗಂಟೆಗೆ ಬಿಸಿಲು ಬಿದ್ದ ತಕ್ಷಣ ಪರದೆ ಮೇಲೆ, ಸಂಜೆ ಐದಕ್ಕೆ ಕೆಳಗೆ, ಹಾಸಿಗೆ ಒದ್ದೆ ಅನ್ನಿಸಿದ್ರೆ ಸುಣ್ಣದ ಪುಡಿ ಧೂಳಿಸ್ತೀನಿ.

ಕೊನೇದು ಥರ್ಮೋಸ್ಟಾಟ್. ಹೀಟರ್ ಗೆ ಹೊರಗಿಂದ ಹಾಕೋ ಸಣ್ಣ ಡಬ್ಬಿ, ಸೆನ್ಸರ್ ತಂತಿನ ಮಧ್ಯದ ಅಟ್ಟಣಿಗೇಲಿ ಹುಳು ಮಟ್ಟಕ್ಕೇ ನೇತು ಹಾಕ್ಬೇಕು, ಗೋಡೆಗೆ ಹೊಡೆದ್ರೆ ಸುಳ್ಳು ಲೆಕ್ಕ ಕೊಡುತ್ತೆ. 25ಕ್ಕೆ ಆಫ್, 23ಕ್ಕೆ ಆನ್. ಮುಂಚೆ ಹತ್ತು ಗಂಟೆ ಉರಿಯೋ ಹೀಟರ್ ಈಗ ಒಟ್ಟು ನಾಲ್ಕೂವರೆ ಗಂಟೆ, ಅಂದ್ರೆ 9 ಯೂನಿಟ್. ಒಂದು ಮಾತು, ಈ ಹೀಟರನ್ನ ಮಾಮೂಲಿ ಸಣ್ಣ ಪ್ಲಗ್ಗಿಗೆ ಹಾಕಬೇಡಿ. 2000 ವ್ಯಾಟ್ ಅಂದ್ರೆ ಎಂಟೂವರೆ ಆಂಪಿಯರ್ ಮೇಲೆ, ಸಣ್ಣದು ತಡೆಯೋದು 6. ಅಂಗಡಿಯವನು ಏನೂ ಆಗಲ್ಲ ಸಾರ್ ಅಂತ ಕೊಟ್ಟ ಎಕ್ಸ್‌ಟೆನ್ಷನ್ ಬಾಕ್ಸ್ ಎರಡನೇ ರಾತ್ರಿನೇ ಕರಗಿ ಮೇಣದ ಥರ ಸುರಿದಿತ್ತು. ಈಗ 16 ಆಂಪಿಯರ್ ಸಾಕೆಟ್ಟು, ದಪ್ಪ ವೈರು.

ಇನ್ನು ಸ್ನಾನದ ನೀರು. 25 ಲೀಟರ್ ಗೀಸರ್, 20 ಡಿಗ್ರಿ ನೀರನ್ನ 60ಕ್ಕೆ ತರೋಕೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತೆ, ಐದು ಜನದ ಮನೇಲಿ ಎಷ್ಟಾಗುತ್ತೆ ನೀವೇ ಹೇಳಿ. ನಮ್ಮಲ್ಲಿ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತೆ, ಒಣಗಿಸಿದ್ರೆ ಬೆಂಕಿಕಡ್ಡಿ ತೋರಿಸಿದ ತಕ್ಷಣ ಹತ್ಕೊಳ್ಳುತ್ತೆ. ಹಿತ್ತಲ ಬಚ್ಚಲಿನ ಹಂಡೆ ಒಲೆ ಮತ್ತೆ ಹತ್ತಿಸಿದ್ವಿ, ಹೊಗೆ ಹುಳು ಮನೆ ಕಡೆ ತಿರುಗದಂಗೆ ಕೊಳವೆ ಎತ್ತರ ಮಾಡಿ. ಇನ್ನೊಂದು ಪುಕ್ಕಟೆ ಉಪಾಯ: ಬೆಳಗ್ಗೆ ಸಿಂಟೆಕ್ಸ್ ನೀರು ಮುಟ್ಟಿದ್ರೆ ಕೈ ಮರಗಟ್ಟುತ್ತೆ, ಅದೇ ಬೋರ್ ಆನ್ ಮಾಡಿ ಹಿಡಿದ ನೀರು ಹಬೆ ಆಡ್ತಾ ಉಗುರು ಬೆಚ್ಚಗೆ ಬರುತ್ತೆ. ಹಂಡೆಗೆ ಅದನ್ನೇ ತುಂಬ್ತೀವಿ, ಸೌದೆ ಕಡಿಮೆ ಸಾಕು.

ಹೋದ ವರ್ಷ ಅದೇ 14 ರಾತ್ರಿಯ ಬೆಳೆಗೆ 186 ಯೂನಿಟ್ ಬಂತು. 200ರ ಒಳಗೆ, ಕಟ್ಟಿದ್ದು ಎಂಟುನೂರರ ಆಸುಪಾಸು. ಸಂಕ್ರಾಂತಿಗೆ ತಂಗಿ ಮನೆಯವರು ಬಂದಾಗ ಮಕ್ಕಳು ಗೀಸರ್ ಹಾಕಿ ಮರೆತು ಹೊಲಕ್ಕೆ ಓಡಿದ್ರು, ನಾನು ದಿನಾ ಮೀಟರ್ ಮುಂದೆ ನಿಂತು 200ಕ್ಕೆ ಎಷ್ಟು ಬಾಕಿ ಅಂತ ಎಣಿಸ್ತಿದ್ದೆ, ಹೆಂಡ್ತಿ ನಕ್ಕಿದ್ದೇ ನಕ್ಕಿದ್ದು.

ಅಮ್ಮನ ರೂಮಿಗೆ ಅಂತ ತಂದಿದ್ದ ರೂಮ್ ಹೀಟರ್ ಈಗ ಅಟ್ಟದ ಮೇಲಿದೆ. ಮಂಡಿ ನೋವಿಗೆ ಚಳಿ ಆಗಲ್ಲ ಅಂತ ಅವರು ಸಂಜೆ ಆಯ್ತು ಅಂದ್ರೆ ಚಾಪೆ, ಅವರೆಕಾಯಿ ಮೊರ ಎತ್ಕೊಂಡು ಹುಳು ಮನೆಗೇ ಬಂದುಬಿಡ್ತಾರೆ. ಕಾಲು ತೊಳ್ಕೊಂಡು ಬನ್ನಿ, ಅವರೆ ಸಿಪ್ಪೆ ಇಲ್ಲಿ ಬೇಡ ಅಂತ ನನ್ ಹೆಂಡ್ತಿ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಟಬ್ ಇಟ್ಕೊಂಡು ಕಾಯ್ತಾಳೆ. "ಹುಳುಗ್ ಒಂದು ನ್ಯಾಯ, ನಂಗೊಂದು ನ್ಯಾಯ ಐತೇನೇ" ಅಂತ ಗೊಣಗ್ತಾನೇ ಕಾಲು ಅದ್ದಿ ಒಳಗೆ ಬರ್ತಾರೆ.